ತೆಗೆದುಬಿಡಿ ಎಂದರೆ

ನಮ್ಮ ಭಾವನಿಗೆ ಟೇಪ್ ಎಂದರೆ ಪ್ರಾಣ. ಅಕ್ಕನ ಗಂಡ, ನಮ್ಮ ವಿಡಿಯೊ ಕೆಲಸದಲ್ಲಿ ಕ್ಯಾಮೆರಾ ಅವರದು, ಎಡಿಟಿಂಗ್ ನನ್ನದು. ಕ್ಯಾಮೆರಾಕ್ಕೆ ಜೋಡಿಸುವ ಹಾರ್ಡ್ ಡಿಸ್ಕ್ ರೆಕಾರ್ಡರ್ ಕೊಳ್ಳೋಣ ಎಂದು ನಾನು ಅವರ ತಲೆ ತಿನ್ನುತ್ತಿದ್ದೆ. ಒಂದು ಗಂಟೆಯ ಟೇಪನ್ನು ಕಂಪ್ಯೂಟರಿಗೆ ಇಳಿಸಲು ಗಂಟೆಗಟ್ಟಲೆ ಕಾದು ಕೂರುವವಳು ನಾನು, ಅವರಲ್ಲ.

"ಟೇಪು ಕಪಾಟಲ್ಲಿ ಬಿದ್ದಿರತ್ತೆ ಕಣೇ. ನಿನ್ನ ಡಿಸ್ಕು ಒಂದ್ಸಲ ಕೈ ಕೊಟ್ರೆ ಎಲ್ಲಾ ಗೋವಿಂದ," ಎನ್ನುತ್ತಿದ್ದರು.

ಕೊನೆಗೆ ರಾಜಿಯಾಯಿತು. ರೆಕಾರ್ಡರನ್ನು ಬಾಡಿಗೆಗೆ ತಂದು, ಎರಡನ್ನೂ ಒಟ್ಟಿಗೆ ಓಡಿಸಿ ನೋಡುವುದು.

ಆ ವಾರ ಬಂದ ಕೆಲಸ ಒಬ್ಬ ಟೀಚರದು. ಗಂಟಲಿನ ಆಪರೇಷನ್ ನಿಗದಿಯಾಗಿತ್ತು. ಆಮೇಲೆ ಮಾತು ಬರುವುದಿಲ್ಲ ಎಂದು ಡಾಕ್ಟರು ಖಡಾಖಂಡಿತವಾಗಿ ಹೇಳಿದ್ದರು. ಎರಡನೇ ಕ್ಲಾಸಿನ ಮಗಳಿಗಾಗಿ ತಮ್ಮ ದನಿ ಉಳಿಸಿಡಬೇಕು, ಅಷ್ಟೇ. ಸೋಫಾದಲ್ಲಿ ನೆಟ್ಟಗೆ ಕೂತು ಕಥೆ ಹೇಳಿದರು, ಮಗ್ಗಿ ಹೇಳಿದರು, ಬುದ್ಧಿಮಾತು ಹೇಳಿದರು. ಎಲ್ಲವೂ ಪಾಠ ಒಪ್ಪಿಸಿದ ಹಾಗಿತ್ತು. ಟೇಪು ಮುಗಿದು ಭಾವ ಬೇರೆಯದನ್ನು ಹಾಕುತ್ತಿರುವಾಗ ಮಗಳು ಕುರ್ಚಿ ಹತ್ತಿ ಶೋಕೇಸಿನ ಬಾಗಿಲಿಗೆ ಜೋತುಬಿದ್ದಳು.

"ಏ ಕತ್ತೆ! ಇಳಿಯೇ ಕೆಳಗೆ! ಹಲ್ಲು ಮುರ್ಕೊಂಡು ಆಮೇಲೆ ನನ್ನ ಹತ್ರಾನೇ ಅಳ್ತಾ ಬರ್ತೀಯ!"

ಅಮ್ಮ ಅಮ್ಮನಾಗಿದ್ದು ಆಗಲೇ. ಟೇಪಿಗೆ ಅದು ಸಿಗಲಿಲ್ಲ, ಓಡುತ್ತಲೇ ಇದ್ದ ಡಿಸ್ಕಿಗೆ ಸಿಕ್ಕಿತು. ನಾನು ಒಳಗೊಳಗೇ ಬೀಗಿದೆ.

ಮರುದಿನ ರೆಕಾರ್ಡರ್ ವಾಪಸು ಕೊಡಬೇಕಿತ್ತು. ಊಟಕ್ಕೆ ಹೊರಡುತ್ತ, "ಭಾವ, ಡಿಸ್ಕಲ್ಲಿರೋದನ್ನ ತೆಗೆದುಬಿಡಿ," ಎಂದೆ. ಕಂಪ್ಯೂಟರಿಗೆ ತೆಗೆದುಕೊಳ್ಳಿ ಎಂಬುದು ನನ್ನ ಅರ್ಥ. ಬಾಡಿಗೆ ಸಾಮಾನನ್ನು ಚೊಕ್ಕಟ ಮಾಡಿ ಕೊಡಬೇಕು ಎಂಬುದು ಅವರ ಅರ್ಥ. ಬಂದು ನೋಡಿದರೆ ಡಿಸ್ಕು ಖಾಲಿ. ಅಳಿಸಿದ್ದನ್ನು ಹುಡುಕಿ ಕೊಡುವ ಸಾಫ್ಟ್‌ವೇರಿಗೂ ಏನೂ ದಕ್ಕಲಿಲ್ಲ.

"ನೀನೇ ತಾನೇ ತೆಗೀರಿ ಅಂದಿದ್ದು?"

"ತೆಗೆದಿಡಿ ಅಂತ ಭಾವ! ಅಳಿಸಿ ಅಂದ್ನಾ ನಾನು?"

ನನಗೆ ಅಳು ಬಂತು. ನಾನು ಹೇಳಿರಲಿಲ್ವಾ ಎಂದು ಭಾವ ಚುಚ್ಚಲಿಲ್ಲ. ಬಾಡಿಗೆಯವನಿಗೆ ಫೋನ್ ಮಾಡಿ ರೆಕಾರ್ಡರನ್ನು ಇನ್ನೊಂದು ದಿನ ಇಟ್ಟುಕೊಂಡರು, ಕ್ಯಾಮೆರಾ ಬ್ಯಾಗನ್ನು ಹೆಗಲಿಗೇರಿಸಿದರು.

ಟೀಚರು ಮಾರನೆಯ ಬೆಳಿಗ್ಗೆ ಆಸ್ಪತ್ರೆ ಸೇರುವವರಿದ್ದರು. ಅವರ ಮನೆಗೆ ಹೋಗಿ ಆದದ್ದನ್ನೆಲ್ಲ ಹೇಳಿ, ಮಗಳಿಗೆ ಬೈದದ್ದೊಂದು ಮತ್ತೆ ಬೇಕು ಎಂದೆವು.

"ಬೈಬೇಕು ಅಷ್ಟೇ ತಾನೆ? ಅದೇನ್ ಮಹಾ," ಎಂದು ಬೈದರು. ಶುದ್ಧ ನಾಟಕ. ಇನ್ನೊಮ್ಮೆ ಬೈದರು, ಅದು ಇನ್ನೂ ಕೆಟ್ಟದಾಗಿತ್ತು. ಆಮೇಲೆ ಅವರಿಗೇ ನಗು ಬಂದು, ನಗು ಕೆಮ್ಮಾಗಿ, ಕಣ್ಣೊರೆಸಿಕೊಂಡರು. "ಬೇಡ ಬಿಡಿ. ಕೋಪಾನೇ ಬರ್ತಿಲ್ಲ ನಂಗೆ."

ಮಗಳು ಇದನ್ನೆಲ್ಲ ನೋಡುತ್ತ ಕೂತಿದ್ದಳು. ಎದ್ದುಹೋಗಿ, ಆಸ್ಪತ್ರೆಗೆಂದು ಮಡಿಸಿಟ್ಟಿದ್ದ ಅಮ್ಮನ ಬಟ್ಟೆಗಳ ಮೇಲೆ ಜಗ್ಗಿನ ನೀರನ್ನೆಲ್ಲ ಸುರಿದಳು.

"ಅಯ್ಯೋ ಪೀಡೆ! ಏನೇ ಇದು? ಹೊತ್ತು ಗೊತ್ತು ಒಂದೂ ಇಲ್ವಾ ನಿಂಗೆ? ನಾಳೆ ನಾನೇನು ಹಾಕ್ಕೊಳ್ಲೇ?"

ದನಿ ಬೀದಿಗೆ ಕೇಳುವಷ್ಟಿತ್ತು. ಟೇಪು ಓಡುತ್ತಿತ್ತು, ಡಿಸ್ಕೂ ಓಡುತ್ತಿತ್ತು. ಹುಡುಗಿ ಖಾಲಿ ಜಗ್ಗನ್ನು ಎದೆಗೊತ್ತಿಕೊಂಡು ಅಲ್ಲೇ ನಿಂತಿದ್ದಳು.

"ಇನ್ನೂ ಬೈಯಮ್ಮ," ಎಂದಳು.