ವೇಲಿನ ಹಾಯಿ

ಸೋದರಮಾವನ ಮಗ ಅಂದರೆ ಅರ್ಧ ಗಂಡ ಇದ್ದ ಹಾಗೆ ಎಂದು ಜನ್ನಾಪುರದ ಮನೆಯಲ್ಲಿ ಎಲ್ಲರೂ ತಮಾಷೆ ಮಾಡುತ್ತಿದ್ದರು. ಜಯಶೀಲಾ ಮಾತ್ರ ಅದನ್ನು ತಮಾಷೆ ಎಂದುಕೊಂಡಿರಲಿಲ್ಲ. ಬಿ.ಎ. ಮುಗಿಸಿ ಮನೆಯಲ್ಲಿ ಕೂತ ಮೇಲಂತೂ ಉಳಿದರ್ಧಕ್ಕೆ ಕಾಯುವುದೇ ಅವಳ ಕೆಲಸವಾಗಿತ್ತು.

ಅತ್ತ ಮಾವನ ಮಗ ವೀರೇಂದ್ರನೋ, ಕಾರ್ಖಾನೆಯ ಪಾಳಿ ಮುಗಿಸಿಕೊಂಡು ಬಂದು ಪ್ಲೈವುಡ್ ಕೊಯ್ದು, ಲಾರಿ ಟಾರ್ಪಾಲು ಹೊಲಿಸಿ, ಒಂದು ಪುಟ್ಟ ಹಾಯಿದೋಣಿ ಕಟ್ಟಿ ಭದ್ರಾ ಹಿನ್ನೀರಿಗೆ ಇಳಿಸಿದ್ದ. ಮೆಕ್ಯಾನಿಕ್ ಹಮೀದ್ ಲಾರಿಯ ಹಳೇ ಕಬ್ಬಿಣ ಬೆಸೆದು ಲಂಗರು ಮಾಡಿಕೊಟ್ಟಿದ್ದ. ಇಷ್ಟೇ ಆಗಿದ್ದರೆ ಜಯಶೀಲಾಗೆ ಹೆಮ್ಮೆಯೇ. ಆದರೆ ಹಾಯಿಯ ಹಗ್ಗ ಹಿಡಿಯಲು ಪ್ರತಿ ಭಾನುವಾರ ಆಲ್ಕೊಳದಿಂದ ಮಧು ಬರುತ್ತಿದ್ದಳು. ಜಯಶೀಲಾಳ ಕಾಲೇಜು ಗೆಳತಿ. ಪರಿಚಯ ಮಾಡಿಸಿದವಳೂ ಜಯಶೀಲಾಳೇ. ಬೇಲಿ ತೆಗೆದು ದನ ಹೊಗಿಸಿಕೊಂಡಂತಾಗಿತ್ತು.

ಆ ಭಾನುವಾರ ಮಾವ ವಿಶ್ವಾರಾಧ್ಯರು ರವೀಂದ್ರನಗರದಿಂದ ತಾವೇ ಬಂದರು. ಮಗನಿಗೆ ಷರತ್ತು ಹಾಕಿದ್ದರು: "ನಿನ್ನ ದೋಣಿಲಿ ಕೂತು ನಾನು ನೆಮ್ಮದಿಯಾಗಿ ಒಂದು ಊಟ ಮಾಡ್ಬೇಕು. ಆದ್ರೆ ಇಟ್ಕೋ, ಇಲ್ಲಾಂದ್ರೆ ಮಾರು." ಜಯಶೀಲಾಳ ಅಮ್ಮನಿಗೆ ಬೇರೆಯೇ ಮಾತು ಕೊಟ್ಟಿದ್ದರು: "ಊಟಕ್ಕೆ ಕೂತಾಗ್ಲೇ ಹುಡುಗನ ಬಾಯಿಂದ ಹೂಂ ಅನ್ನಿಸ್ತೀನಿ ತಂಗಿ. ಸಂಜೆ ನಿಮ್ಮನೇಲೇ ಮಾತು ಮುಗಿಸೋಣ."

ದೋಣಿಯಲ್ಲಿ ಮೂವರಿಗಷ್ಟೇ ಜಾಗ. ಮಾವ, ವೀರೇಂದ್ರ, ಹಗ್ಗ ಹಿಡಿಯುವ ಮಧು. ರೊಟ್ಟಿ, ಎಣ್ಣೆಗಾಯಿಯ ಕ್ಯಾರಿಯರ್ ಕೊಟ್ಟು ಜಯಶೀಲಾ ದಡದಲ್ಲೇ ಉಳಿದಳು.

ಕೂಗಳತೆಯ ದೂರದಲ್ಲಿ ಲಂಗರು ಬಿಟ್ಟು ಹಾಯಿ ಇಳಿಸಿದರು. ಗಾಳಿ ನೀರಿನ ಕಡೆಯಿಂದ ದಡಕ್ಕೆ ಬೀಸುತ್ತಿತ್ತು. ಮೂತಿಗೆ ಹಗ್ಗ ಬಿಗಿದ ದೋಣಿ, ಗೂಟಕ್ಕೆ ಕಟ್ಟಿದ ಕರುವಿನಂತೆ ಒಮ್ಮೆ ಎಡಕ್ಕೆ ಓಡಿತು, ಜಗ್ಗಿಸಿಕೊಂಡು ಬಲಕ್ಕೆ ಓಡಿತು. ಪ್ರತಿ ಜಗ್ಗಿಗೂ ಮಧು ಕಿಲಕಿಲ ನಗುತ್ತ ವೀರೇಂದ್ರನ ಭುಜ ಹಿಡಿದುಕೊಳ್ಳುತ್ತಿದ್ದಳು. ಭುಜವೇ ಬೇಕೇನು? ಹಿಡಿಯಲು ಕಂಬ ಇರಲಿಲ್ಲವೇ?

ಜಯಶೀಲಾಗೆ ಮದ್ದು ಹೊಳೆದಿತ್ತು. ಬಾಲಂಗೋಚಿ ಇಲ್ಲದ ಗಾಳಿಪಟವೂ ಹೀಗೇ ಅತ್ತಿತ್ತ ಹೊಯ್ದಾಡುತ್ತದೆ. ದೋಣಿಯ ಹಿಂದುಗಡೆ ಒಂದು ತುಂಡು ಬಟ್ಟೆ ಬಿಗಿದರೆ, ದೋಣಿ ಅಡ್ಡ ತಿರುಗಿದಾಗಲೆಲ್ಲ ಗಾಳಿ ಅದನ್ನು ನೂಕಿ ನೆಟ್ಟಗೆ ಮಾಡೀತು. ಆದರೂ ಬಾಯಿ ಬಿಡಲಿಲ್ಲ. ಮಾವನಿಗೆ ತಲೆ ಸುತ್ತಲಿ, ದೋಣಿ ಮಾರಿಹೋಗಲಿ, ಮಧುವಿನ ಭಾನುವಾರಗಳೂ ಅದರ ಜೊತೆಗೇ ತೊಲಗಲಿ!

ಸ್ವಲ್ಪ ಹೊತ್ತಿಗೇ ದೋಣಿ ದಡಕ್ಕೆ ಬಂತು. ಮಾವ ಬೆವರುತ್ತಿದ್ದರು.

"ಬೇಡಪ್ಪ ಇದರ ಸಹವಾಸ. ಊಟನೂ ಬೇಡ, ಮಾತೂ ಬೇಡ. ನಾನು ಊರಿಗೆ ಹೋಗ್ತೀನಿ."

ಮಾತೂ ಬೇಡ ಎಂದದ್ದು ಕೇಳಿ ಜಯಶೀಲಾ ದೋಣಿಯ ಬಳಿಗೆ ಓಡಿದಳು. "ಮಾವ, ಅಲ್ಲಾಡದ ಹಾಗೆ ಮಾಡ್ಬಹುದು," ಎಂದಳು. ಹಾಗೆಂದವಳು ತಾನೇ ಎಂದು ಅವಳಿಗೇ ನಂಬಿಕೆಯಾಗಲಿಲ್ಲ. "ಹಿಂದುಗಡೆ ಬಟ್ಟೆ ಕಟ್ಬೇಕು. ಗಾಳಿಪಟದ ಬಾಲ ಇದ್ದ ಹಾಗೆ."

"ಅಯ್ಯೋ ಮಾರಾಯ್ತಿ, ನಿನಗೂ ದೋಣಿ ಹುಚ್ಚಾ?" ಮಧು ನಕ್ಕಳು. "ಕೊಡು ನಿನ್ನ ವೇಲು, ನಾನೇ ಕಟ್ತೀನಿ."

"ಬೇಡ. ನೀನು ಇಳಿ. ನಾನೇ ಕಟ್ತೀನಿ."

ಅವಳ ದನಿ ಕೇಳಿ ಮಧು ಇಳಿದಳು. ವೀರೇಂದ್ರ ಹುಬ್ಬೇರಿಸಿದ. "ಬಾಯಿ ಇದೆಯಲ್ಲೇ ನಿನಗೆ!"

ಮತ್ತೆ ಲಂಗರು ಬಿಟ್ಟರು. ಜಯಶೀಲಾ ವೇಲನ್ನು ಮುಕ್ಕೋಣವಾಗಿ ಮಡಚಿ, ಎರಡು ತುದಿಗಳನ್ನು ಕಂಬದ ನೆತ್ತಿಯಿಂದ ದೋಣಿಯ ಹಿಂಬದಿಗೆ ಬಿಗಿದ ಹಗ್ಗಕ್ಕೆ ಮೇಲೊಂದು ಕೆಳಗೊಂದು ಕಟ್ಟಿ, ಮೂರನೆಯದನ್ನು ನಡುಗಂಬಕ್ಕೆ ದಾರದಿಂದ ಎಳೆದು ಬಿಗಿದಳು. ದೋಣಿ ಒಮ್ಮೆ ಓಡಲು ನೋಡಿತು, ಮನಸ್ಸು ಬದಲಿಸಿ ಮೂತಿಯನ್ನು ಗಾಳಿಗೆ ಕೊಟ್ಟು ನಿಂತುಬಿಟ್ಟಿತು.

"ಭಲೇ ಜಯಾ! ನಮ್ಮನೆ ಜಗಲಿ ಮೇಲೆ ಕೂತ ಹಾಗಿದೆಯಲ್ಲೇ," ಎಂದು ಮಾವ ರೊಟ್ಟಿ ಮುರಿದರು.

ಜಯಶೀಲಾ ಹಿಂದುಗಡೆ, ವೇಲಿನ ಪಕ್ಕದಲ್ಲಿ ಕೂತಳು. ವೀರೇಂದ್ರ ಮೂತಿಯ ಬಳಿ, ಅವಳಿಗೆ ಎದುರಾಗಿ. ಇಷ್ಟು ವರ್ಷ ಕದ್ದು ನೋಡಿದ ಮುಖ ಈಗ ನೇರ ಕಣ್ಣೆದುರು. ಅವನೂ ನೋಡುತ್ತಿದ್ದ. ಅವಳ ಕಿವಿ ಬಿಸಿಯಾಯಿತು. ಎರಡು ತುತ್ತು ಕಳೆದ ಮೇಲೆ ಅರಿವಾಯಿತು, ಆ ನೋಟ ತನ್ನ ಭುಜದ ಮೇಲೆ ಹಾದು ಹಿಂದಕ್ಕೆ ಹೋಗುತ್ತಿತ್ತು. ಹಿಂದೆ ದಡ. ದಡದಲ್ಲಿ ಮಧು, ಕಾಲು ನೀರಿಗಿಳಿಬಿಟ್ಟು ಕೂತಿದ್ದಳು. ದೋಣಿ ಅಲುಗುತ್ತಿರಲಿಲ್ಲ, ಹಾಗಾಗಿ ಅವಳೂ ಅವನ ಕಣ್ಣಿನಿಂದ ಅತ್ತಿತ್ತ ಸರಿಯುತ್ತಿರಲಿಲ್ಲ.

"ಏನೋ ವೀರು, ಜಯನ ವಿಷಯ ಏನಂತೀಯ?" ಮಾವ ಕೇಳಿದರು.

"ಹಾಂ? ಏನಪ್ಪಾ?"

ಜಯಶೀಲಾಳ ಕೈ ಬೆನ್ನ ಹಿಂದೆ ಹೋಗಿ ಗಂಟು ಹುಡುಕಿತು. ಕೆಳಗಿನ ಗಂಟು ಬಿಚ್ಚಿತು, ಆಮೇಲೆ ಮೇಲಿನದು. ವೇಲು ಮಡಿಲಿಗೆ ಬಿತ್ತು. ದೋಣಿ ಎಡಕ್ಕೆ ಓಡಿತು. ದಡ ಜಾರಿತು, ಮಧು ಜಾರಿದಳು.

ವೀರೇಂದ್ರನ ಕತ್ತು ಮೆಲ್ಲಗೆ ದಡದ ಕಡೆಗೇ ತಿರುಗಿತು. ದೋಣಿ ಬಲಕ್ಕೆ ಓಡಿದಾಗ ಕತ್ತೂ ಮತ್ತೆ ಅತ್ತಲೇ ತಿರುಗಿತು. ದೋಣಿ ಅಲ್ಲಾಡುತ್ತಿದೆ ಎಂಬುದೇ ಅವನಿಗೆ ಗೊತ್ತಾಗಿರಲಿಲ್ಲ.

"ಅಯ್ಯೋ, ಮತ್ತೆ ಶುರುವಾಯ್ತಲ್ಲೇ!" ಮಾವ ರೊಟ್ಟಿ ಬಿಟ್ಟು ಅಂಚು ಹಿಡಿದುಕೊಂಡರು.

ಜಯಶೀಲಾ ಕಂಬದ ದಾರವನ್ನೂ ಬಿಚ್ಚಿ ವೇಲನ್ನು ಹೆಗಲಿಗೆ ಹಾಕಿಕೊಂಡಳು.

"ದಡಕ್ಕೆ ಹೋಗೋಣ ಮಾವ. ಸಂಜೆ ನೀವು ನಮ್ಮನೇಗೆ ಬರ್ಬೇಡಿ. ಅಮ್ಮಂಗೆ ನಾನೇ ಹೇಳ್ತೀನಿ."