ನೀಲಿಯಾದ ಸುಣ್ಣದ ನೀರು

ಶೇಂಗಾ ಕೀಳುವ ಕಾಲ, ಬೆಳಿಗ್ಗೆ ನಲ್ಲಿ ನೀರು ಬಿಡುವ ಹೊತ್ತು. ರಾಯದುರ್ಗದ ಬೊಮ್ಮಕ್ಕ ಕೊಡ ಎತ್ತುವಷ್ಟರಲ್ಲಿ ಆಶಾ ಕಾರ್ಯಕರ್ತೆ ಮೈಲಾರಮ್ಮ ಬಂದಳು.

“ಬೊಮ್ಮಕ್ಕ, ಮೊನ್ನಿ ತಪಾಸಣಿ ಮಾಡಿದ್ರಲ್ಲ, ನಿಮ್ಮ ಸೊಸಿ ರಕ್ತದಾಗ ಕಾಮಾಲಿ ವೈರಸ್ ಐತ್ರಿ. ಹೆಪಟೈಟಿಸ್ ಬಿ ಅಂತಾರ.”

ಬೊಮ್ಮಕ್ಕ ಕೊಡ ಅಲ್ಲೇ ಬಿಟ್ಟು ಒಳಗೆ ಓಡಿದಳು. ಸೊಸೆ ಪವಿತ್ರ ಎಂಟು ತಿಂಗಳ ಬಸುರಿ. ಆದರೆ ಅವಳ ಕಣ್ಣು ನೋಡಿದರೆ ಹಳದಿಯಾಗಿರದೆ ಬೆಳ್ಳಗಿದ್ದವು. ಅನುಮಾನ ತೀರಲೆಂದು ಅವಳನ್ನು ನಾಟಿ ಔಷಧಿಯವನ ಹತ್ತಿರ ಕರೆದೊಯ್ದಳು. ಅವನು ಸುಣ್ಣದ ನೀರಲ್ಲಿ ಕೈ ಉಜ್ಜಿಸಿದ. ಕಾಮಾಲೆ ಇದ್ದರೆ ನೀರು ಹಳದಿಯಾಗುತ್ತದೆ ಎಂಬುದು ಹಿಂದಿನಿಂದ ಬಂದ ನಂಬಿಕೆ. ಪವಿತ್ರ ಕೈಯಿಟ್ಟರೆ ನೀರು ನೀಲಿಯಾಯಿತು!

ಬೊಮ್ಮಕ್ಕ ಸೊಸೆಯೊಂದಿಗೆ ಗೆದ್ದವಳಂತೆ ಮೈಲಾರಮ್ಮನ ಹತ್ತಿರ ಬಂದಳು. “ನೀರು ನೀಲಿ ಆತು, ಹಳದಿ ಬರಲೇ ಇಲ್ಲವ್ವ ಮೈಲಾರಿ. ಹೆರಿಗಿ ಮನ್ಯಾಗ ಮಾಡಿಸ್ತೀನಿ.”

ಮೈಲಾರಮ್ಮನಿಗೆ ನಗು ತಡೆಯಲಿಲ್ಲ. “ಅಯ್ಯ, ದಿನಾ ಕೂಲಿಗೆ ಜೀನ್ಸ್ ಪ್ಯಾಂಟಿನ ದಾರ ಕತ್ತರಸೋ ಕೈ ಅದು, ನೀಲಿ ಬಣ್ಣ ಹತ್ತಿರತೈತಿ. ಸುಣ್ಣದ ನೀರಿಗೆ ಪ್ಯಾಂಟಿನ ಬಣ್ಣ ಗೊತ್ತಾತು. ರಕ್ತದಾಗಿಂದು ಹೆಂಗ ಗೊತ್ತಾಗಬೇಕ್ರಿ? ಕಣ್ಣು ಬೆಳ್ಳಗಿದ್ರೂ ಇದು ವರ್ಷಗಟ್ಟಲೆ ಒಳಗ ಅಡಗಿ ಕುಂತಿರತೈತಿ. ಹೆರಿಗ್ಯಾಗ ತಾಯಿಂದ ಕೂಸಿಗೆ ದಾಟತೈತಿ. ಹುಟ್ಟಿದ ಇಪ್ಪತ್ನಾಲ್ಕು ತಾಸಿನೊಳಗ ಲಸಿಕಿ ಬಿದ್ರ ತಡೀಬೌದು. ಅದಕ್ಕ ಆಸ್ಪತ್ರ್ಯಾಗ ಆಗ್ಲಿ ಅನ್ನೋದು.”

“ಹಂಗಾರ ಆಕಿ ತಾಟು ಬ್ಯಾರೆ ಇಡ್ಲ್ಯಾ?”

“ಯಾಕ್ರಿ? ಒಂದ ತಾಟಿನ್ಯಾಗ ಉಣ್ರಿ, ಏನಾಗಲ್ಲ. ಬ್ಲೇಡು, ಸೂಜಿ ಮಾತ್ರ ಒಬ್ಬರದು ಒಬ್ಬರು ಬಳಸಬ್ಯಾಡ್ರಿ. ನೀವೂ ನಿಮ್ಮ ಮಗನೂ ರಕ್ತ ತೋರಿಸ್ರಿ.”

ಪವಿತ್ರ ಹೊಟ್ಟೆಯ ಮೇಲೆ ಕೈಯಿಟ್ಟಳು. “ಅತ್ತಿ, ನನಗ ಬಂದದ್ದು ಇದಕ್ಕ ಬರೂದು ಬ್ಯಾಡ್ರಿ.”

ಬೊಮ್ಮಕ್ಕ ಅಂದೇ ಆಸ್ಪತ್ರೆಗೆ ಒಯ್ಯುವ ಬಟ್ಟೆಯ ಗಂಟು ಕಟ್ಟಿಟ್ಟಳು.

ಆಸ್ಪತ್ರೆಯಲ್ಲಿ ಹೆಣ್ಣು ಕೂಸು ಹುಟ್ಟಿತು. ತಡಮಾಡದೆ ಲಸಿಕೆಯನ್ನೂ, ರಕ್ಷಣೆಯ ಇನ್ನೊಂದು ಇಂಜೆಕ್ಷನ್ನನ್ನೂ ಹಾಕಿದರು. ಮುಂದಿನ ಲಸಿಕೆಗಳಿಗೆ ದಿನ ತಪ್ಪದಂತೆ ಬೊಮ್ಮಕ್ಕನೇ ಕೂಸನ್ನು ಎತ್ತಿಕೊಂಡು ಹೋದಳು. ಅವಳಿಗೂ ಮಗನಿಗೂ ರೋಗ ಇರಲಿಲ್ಲ. ಅವರೂ ಲಸಿಕೆ ಹಾಕಿಸಿಕೊಂಡರು. ಪವಿತ್ರ ಡಾಕ್ಟರ ಹತ್ತಿರ ತೋರಿಸುತ್ತಲೇ ಇದ್ದಾಳೆ.

ವರ್ಷ ತುಂಬಿದ ಮೇಲೆ ಕೂಸಿನ ರಕ್ತ ನೋಡಿದರು. “ಏನೂ ಇಲ್ಲಮ್ಮ” ಎಂದರು ಡಾಕ್ಟರು. ಬೊಮ್ಮಕ್ಕ ಕುಳಿತಲ್ಲೇ ಸೆರಗಿನಿಂದ ಮುಖ ಒರೆಸಿಕೊಂಡಳು.

ಅಕ್ಕಂದಿರೇ, ಅಣ್ಣಂದಿರೇ, ಕಣ್ಣು ಬೆಳ್ಳಗಿದೆ ಎಂದು ಸುಮ್ಮನಿರಬೇಡಿ. ಮನೆಯಲ್ಲಿ ಬಸುರಿ ಇದ್ದರೆ ರಕ್ತ ಪರೀಕ್ಷೆ ಮಾಡಿಸಿ. ಕೂಸು ಹುಟ್ಟಿದ ದಿನವೇ ಲಸಿಕೆ ಕೇಳಿ ಹಾಕಿಸಿ.

ಬೊಮ್ಮಕ್ಕನಂತೂ ಸುಮ್ಮನೆ ಕೂತಿಲ್ಲ. ಓಬಳಾಪುರದಲ್ಲಿರುವ ಅವಳ ಮಗಳು ಈಗ ಮೂರು ತಿಂಗಳ ಬಸುರಿ. ಅವಳ ರಕ್ತ ಪರೀಕ್ಷೆ ಮಾಡಿಸಲು ಬೊಮ್ಮಕ್ಕ ಗುರುವಾರ ಮೊದಲ ಬಸ್ಸಿಗೇ ಹೊರಟುಹೋದಳು.