ದಾಕಿನಮ್ಮನ ಕೆನ್ನೆ

ಮಾಗಿಯ ಎಳೆಬಿಸಿಲು ಕಿಟಕಿಯ ಸರಳು ದಾಟಿ ಮೇಜಿನ ಮೇಲಿನ ಬಿಳಿ ಪ್ಲಾಸ್ಟರ್ ಮುಖಕ್ಕೆ ಬಿತ್ತು, ಕೆನ್ನೆ ಬೆಣ್ಣೆಮುದ್ದೆಯಂತೆ ಹೊಳೆಯಿತು, ಕೆತ್ತನೆಗಾರ್ತಿಗೆ ಮೈಯೆಲ್ಲ ಉರಿಯಿತು — ಯಾರ ಕೆನ್ನೆ ಇದು, ಸಿಡುಬು ಬಾರದಂತೆ ಮಕ್ಕಳ ತೋಳಿಗೆ ದಾಕು ಹಾಕುತ್ತ ಊರೂರು ಅಲೆದ ದಾಕಿನಮ್ಮನದೇ, ಐದು ದಿನದ ಹಿಂದೆ ಅಚ್ಚಿನಲ್ಲಿ ಮೂವತ್ತೆಂಟು ಸಿಡುಬಿನ ಕಲೆ ಎಣಿಸಿಟ್ಟು ಮನೆಗೆ ಹೋಗಿದ್ದಳಲ್ಲ, ಇವತ್ತು ಅದರಿಂದ ಎದ್ದು ಬಂದ ಮುಖದಲ್ಲಿ ಒಂದೂ ಇಲ್ಲ. ಅಚ್ಚಿನಲ್ಲಿ ಎಲ್ಲವೂ ತಿರುಗುಮುರುಗು, ಮುಖದ ಕುಳಿ ಅಲ್ಲಿ ಉಬ್ಬು, ಬೆವರಿದ ಕೆನ್ನೆಗೆ ಕಾಳು ಅಂಟಿದ ಹಾಗೆ, ಆ ಕಾಳುಗಳನ್ನು ಎರಕದ ಮಾವ — ನಾಣ್ಯ ಅಚ್ಚುಹಾಕುವ ಈ ಟಂಕಸಾಲೆಗೆಲ್ಲ ಅವನು ಮಾವನೇ, ಸಾಹೇಬರಿಗೂ — ಗಾಳಿಗುಳ್ಳೆಯ ಗುರುತೆಂದುಕೊಂಡು ಒಂದೂ ಬಿಡದೆ ಹೆರೆದು, ಮೇಲೆ ಪ್ಲಾಸ್ಟರ್ ಹೊಯ್ದಿದ್ದಾನೆ. ಮೂವತ್ತು ವರ್ಷದಿಂದ ಮಾಡ್ತಿರೋದೇ ಅದಲ್ವಾ ತಾಯಿ, ಗುಳ್ಳೆ ಕಂಡ್ರೆ ಕೈ ಸುಮ್ನಿರಲ್ಲ, ನಿಂಗೊಂದು ಕೆಲ್ಸ ಉಳೀಲಿ ಅಂತ, ಎಂದು ಬಾಗಿಲಲ್ಲಿ ನಿಂತು ಹೆಗಲ ಬಟ್ಟೆ ಹಿಂಡುತ್ತಾನೆ, ಅವಳಿಗೆ ಬೈಯಲು ಬಾಯಿ ಬರುವುದಿಲ್ಲ, ಹೋಗ್ಲಿ ಬಿಡು ಮಾವ, ಒಂದು ಚೀಟಿ ಬರೆದಿಡದೇ ಹೋದ ನನ್ನ ಬುದ್ಧಿಗೆ ಹೇಳ್ಬೇಕು.

ನಾಲ್ಕು ಗಂಟೆಗೆ ಇದು ಯಂತ್ರದ ಮನೆಗೆ ಹೋಗಬೇಕು, ಅಲ್ಲಿ ತಟ್ಟೆಯಷ್ಟಗಲದ ಮುಖ ನಾಣ್ಯದಳತೆಗೆ ಇಳಿಯುತ್ತದೆ, ಆಮೇಲೆ ತಿದ್ದುವಂತಿಲ್ಲ, ಅಚ್ಚು ತಿದ್ದಿ ಹೊಸದಾಗಿ ಹೊಯ್ಯೋಣವೆಂದರೆ ಈ ಚಳಿಯಲ್ಲಿ ಪ್ಲಾಸ್ಟರ್ ಒಣಗಲು ನಾಲ್ಕು ದಿನ, ಉಳಿದದ್ದು ಒಂದೇ ದಾರಿ, ಸಿದ್ಧವಾದ ಮುಖಕ್ಕೇ ಸೂಜಿ ಇಡುವುದು, ಜಾರಿದರೆ ಇನ್ನೊಂದು ಮುಖವಿಲ್ಲ. ಜಾರುವುದಿಲ್ಲ. ಅವಳು ಕೈ ಉಜ್ಜಿಕೊಂಡಳು, ಬೆರಳು ಬೆಚ್ಚಗಾಯಿತು, ಈ ಕೈ ಅವಳಿಗೆ ಗೊತ್ತು. ಅಷ್ಟರಲ್ಲಿ ಸಾಹೇಬರ ಬೂಟು, ಅವರ ಕೆಮ್ಮು, ಅಬ್ಬಾ ಎಷ್ಟು ನಯವಾಗಿ ಬಂದಿದೆಯಮ್ಮಾ, ನಾನು ಮೊದ್ಲೇ ಹೇಳಿರ್ಲಿಲ್ವಾ, ಆ ಕಲೆಗಳನ್ನ ಜನ ಕೊಳೆ ಅಂದ್ಕೋತಾರೆ ಅಂತ, ದೇವ್ರೇ ಮಾಡ್ಕೊಟ್ಟ, ಹಾಗೇ ಬಿಟ್ಬಿಡಿ. ದೇವ್ರಲ್ಲ ಸಾರ್, ನಮ್ಮ ಮಾವ. ಮಾವ ನೆಲ ನೋಡಿದ. ಸಮಿತಿ ಸಹಿ ಹಾಕಿದ ಚಿತ್ರದಲ್ಲಿ ಕಲೆ ಇದೆ, ನಿಮ್ಮ ಸಹಿನೂ ಇದೆ ಸಾರ್, ಮೇಲಿಂದ ಮೂರನೇದು. ಸಾಹೇಬರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು, ಕೆಟ್ರೆ ನನ್ನ ಹತ್ರ ಬರ್ಬೇಡಿ ಮತ್ತೆ, ಎಂದು ಹೋದರು, ಬರಲ್ಲ ಸಾರ್.

ಒಂದು, ಎರಡು, ಸೂಜಿ ತಿರುಗಿಸಿ ಉಸಿರು ಬಿಡು, ಪುಡಿ ಊದು, ಏಳು, ಎಂಟು — ಇದ್ದದ್ದೊಂದೇ ಫೋಟೊ, ಗೋಡೆಗೆ ಚುಚ್ಚಿದ್ದಾಳೆ, ಆದರೆ ಕೈ ನೋಡುವುದು ಫೋಟೊವನ್ನಲ್ಲ, ಅಜ್ಜಿ ಹೇಳಿದ ಮುಖವನ್ನು, ದಾಕಿಗೆ ಹೆದರಿ ಹುಲ್ಲಿನ ಮೆದೆಯ ಹಿಂದೆ ಅಡಗಿದ್ದೆ ಕಣೇ, ಏಳು ವರ್ಷ ನಂಗೆ, ದಾಕಿನಮ್ಮ ಎಳೀಲಿಲ್ಲ ಹೊಡೀಲಿಲ್ಲ, ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು ಮುಖ ಹತ್ರ ತಂದ್ಳು, ನೋಡು ಮಗಾ, ಬೆರಳಿಟ್ಟು ನೋಡು, ಹೀಗಾಗ್ಬೇಕಾ ನಿಂಗೆ, ನಾನು ಬೆರಳಿಟ್ಟೆ, ಆಮೇಲೆ ತೋಳು ಕೊಟ್ಟೆ. ಆ ವರ್ಷ ಆ ಬೀದಿಯಲ್ಲಿ ಉಳಿದ ಮಕ್ಕಳು ಐದು, ಅದರಲ್ಲೊಬ್ಬಳು ಅಜ್ಜಿ, ಅಜ್ಜಿ ಉಳಿದಿದ್ದಕ್ಕೆ ಅಮ್ಮ, ಅಮ್ಮನಿಂದ ಇವಳು, ಈ ಕೈ, ಈ ಸೂಜಿ, ಹದಿನೇಳು, ಹದಿನೆಂಟು, ಆ ಕುಳಿಗಳೇ ಅವಳ ಮಾತಾಗಿದ್ದವಲ್ಲ, ಮಾತು ಕಿತ್ತ ಮುಖ ಇಟ್ಟುಕೊಂಡು ಯಾರಿಗೇನು ಹೇಳುವುದು. ನಾಣ್ಯದಲ್ಲಿ ಎಲ್ಲಕ್ಕಿಂತ ಎತ್ತರ ಕೆನ್ನೆಯೇ, ಜನರ ಕೈ ತಿಕ್ಕಿ ತಿಕ್ಕಿ ಮೊದಲು ಸವೆಯುವುದೂ ಅದೇ, ಸವೆಯಲಿ, ಹತ್ತು ವರ್ಷವೋ ಇಪ್ಪತ್ತೋ, ಲಕ್ಷ ಹೆಬ್ಬೆರಳು ಅಳಿಸಲಿ, ಅದು ಅವರ ಹಕ್ಕು, ಟಂಕಸಾಲೆಯದಲ್ಲ, ಇಪ್ಪತ್ತೊಂಬತ್ತು, ಮೂವತ್ತು. ಮಾವ ಸದ್ದಿಲ್ಲದೆ ಬಂದು ದೀಪದ ಕತ್ತು ಬಗ್ಗಿಸಿ ಹಿಡಿದಿದ್ದಾನೆ, ಬೆಳಕು ಅಲುಗದ ಹಾಗೆ ಉಸಿರನ್ನೂ ಹಿಡಿದಿದ್ದಾನೆ, ಮಾವ ಉಸಿರಾಡು, ಸತ್ತುಗಿತ್ತು ಹೋದೀಯ, ಸತ್ರೆ ಸಾಯ್ತೀನಿ ಬಿಡು, ನೀ ಮುಗ್ಸು.

ಮೂವತ್ತೇಳು. ಗಂಟೆ ಮೂರೂವರೆ. ಇನ್ನೊಂದು, ಕೆಳರೆಪ್ಪೆಯ ಅಂಚಿನದು, ಕೂದಲೆಳೆ ಆಚೆಯಾದರೆ ಕಣ್ಣೇ ಹೋಗುತ್ತದೆ, ಸಿಡುಬು ಕೂಡ ಅಲ್ಲಿಯವರೆಗೆ ಬಂದು ನಿಂತಿತ್ತು — ಅಜ್ಜಿ ಬೆರಳಿಟ್ಟದ್ದು ಇಲ್ಲಿಯೇ, ಕುಳಿಯಲ್ಲೊಂದು ಬೆವರ ಹನಿ ನಿಂತಿತ್ತು ಕಣೇ — ಸೂಜಿ ತಾಗಿತು, ತಿರುಗಿತು, ಎದ್ದಿತು, ಅವಳು ಮೆಲ್ಲಗೆ ಊದಿದಳು, ಪುಡಿ ಹಾರಿತು, ಕಣ್ಣು ಹಾಗೇ ಇತ್ತು, ಕಣ್ಣಿನ ಕೆಳಗೆ ಕುಳಿ, ಕುಳಿಯೊಳಗೆ ಏಳು ವರ್ಷದ ಬೆರಳು